ಹುಳದ ಮನೆಗೆ ಬಂದ ಕಂಪ್ಯೂಟರ್

ತೆರಕಣಾಂಬಿಯ ಹಿಂದಿನ ಬೀದಿಯಲ್ಲಿ ದೊಡ್ಡಮಲ್ಲಮ್ಮನ ಕಿವಿಗೆ ದೊಡ್ಡ ಹೆಸರು. ಚಾಮರಾಜನಗರದ ಕಡೆಯಿಂದ ಬರುವ ಬಸ್ಸು ಊರ ಮುಂದಿನ ತಿರುವು ದಾಟುವ ಮೊದಲೇ ಅದು ಸರ್ಕಾರಿ ಬಸ್ಸೋ ಪ್ರೈವೇಟೋ ಎಂದು ಹೇಳಿಬಿಡುವಳು. ಪಕ್ಕದ ಮನೆಯ ಪುಟ್ಟಮಲ್ಲಮ್ಮ ಒಗ್ಗರಣೆಗೆ ಸಾಸಿವೆ ಹಾಕಿದರೆ, ಇವಳು ಗೋಡೆಯ ಈಚೆಯಿಂದ, "ಎಣ್ಣ ಇನ್ನೂ ಕಾದಿಲ್ಲ ಕಣಮ್ಮಿ, ಆತುರ ಮಾಡ್ಬುಟ್ಟೆ" ಅನ್ನುವಳು.

"ನಿನ್ನ ಕಿವೀಗ ಒಂದು ಬೀಗ ಆಕುಸ್ಬೇಕು ಕಣಕ್ಕ. ಗಂಡ ಎಂಡ್ತಿ ಪಿಸ್ಪಿಸ್ ಅನ್ನಂಗಿಲ್ಲ ಈ ಬೀದೀಲಿ" ಎಂದು ಪುಟ್ಟಮಲ್ಲಮ್ಮ ಆಚೆಯಿಂದ ಕೂಗುವಳು.

ಆ ಕಿವಿಯನ್ನು ತಿದ್ದಿದ್ದು ರೇಷ್ಮೆಹುಳ. ಗಂಡ ತೀರಿಕೊಂಡಾಗ ಮಗ ಪರಶಿವಮೂರ್ತಿ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪಿತ್ತು, ಮನೆಯಲ್ಲಿ ಬಿದಿರಿನ ತಟ್ಟೆಗಳಿದ್ದವು, ಮಿಕ್ಕಿದ್ದು ಮಾದಪ್ಪನಿಗೆ ಬಿಟ್ಟದ್ದು. ಅಂದಿನಿಂದ ದೊಡ್ಡಮಲ್ಲಮ್ಮ ಹುಳ ಸಾಕಿಯೇ ಮಗನನ್ನು ಸಾಕಿದಳು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆಯೇ ಹುಳದ ಮನೆಗೆ ಕಾಲಿಡುವುದು. ಅಲ್ಲಿ ಚಪ್ಪಲಿ ಇಲ್ಲ, ಬೈಗುಳ ಇಲ್ಲ. ಯಾರಿಗಾದರೂ ಕೋಪ ಬಂದರೆ ಹೊರಗೆ ಹೋಗಿ ಬೈದು ಬರಬೇಕು.

ಹುಳಗಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ನಿದ್ದೆಗೆ ಕೂರುತ್ತವೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಹಸಿವೋ ಹಸಿವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಗ ತಟ್ಟೆಗಳ ಸಾಲಿನಿಂದ ಒಂದು ಸದ್ದು ಏಳುತ್ತದೆ, ಹೆಂಚಿನ ಮೇಲೆ ಸಣ್ಣ ಜಡಿಮಳೆ ಬಿದ್ದ ಹಾಗೆ. ದೊಡ್ಡಮಲ್ಲಮ್ಮ ಮಣೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವಳು. ಸದ್ದು ಒಂದೇ ಸಮ ಬಂದರೆ ಎಲ್ಲ ಸರಿಯಾಗಿದೆ. ಒಂದು ಮೂಲೆಯಲ್ಲಿ ತೂತು ಬಿದ್ದ ಹಾಗಾದರೆ ಅಲ್ಲಿ ಸೊಪ್ಪು ಬಾಡಿದೆ, ಇಲ್ಲವೇ ಇರುವೆ ಹತ್ತಿದೆ. ತಟ್ಟೆಯ ತುಂಬ ಹಸಿ ಸೊಪ್ಪಿದ್ದೂ ಸದ್ದು ಕುಸಿದರೆ ಹುಳ ಹಣ್ಣಾಗುತ್ತಿದೆ ಎಂದು ಅರ್ಥ, ಇನ್ನು ಅದಕ್ಕೆ ಮೇವು ಬೇಡ, ಗೂಡು ಕಟ್ಟಲು ಜಾಗ ಬೇಕು. ಆ ಹೊತ್ತಿಗೆ ಸರಿಯಾಗಿ ಎತ್ತಿ, ಗೂಡು ಕಟ್ಟಲೆಂದೇ ಸುರುಳಿಯಾಗಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಕೊಂಡು ಬಿಡುತ್ತದೆ.

ಪರಶಿವನಿಗೆ ಗುಂಡ್ಲುಪೇಟೆಯಿಂದ ಹೆಣ್ಣು ತಂದದ್ದು ಎರಡು ಸಾವಿರದ ಐದರಲ್ಲಿ. ಹುಡುಗಿ ಶಿವಾನಿ, ಅಣ್ಣ ಸೋಮಶೇಖರನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಟೈಪ್ ಮಾಡುತ್ತಿದ್ದವಳು. ಮಾತುಕತೆಯ ದಿನ ಎಲ್ಲರೂ ಸೀರೆ, ಛತ್ರ ಎನ್ನುತ್ತಿರುವಾಗ ಅವಳು ತಲೆ ತಗ್ಗಿಸಿಕೊಂಡೇ, "ನನಗೆ ಬೇರೆ ಏನೂ ಬ್ಯಾಡ. ನನ್ನ ಕಂಪ್ಯೂಟರ್ ಜೊತೇಲಿ ತಕ್ಕೊಂಡು ಬರ್ತೀನಿ, ಕೆಲಸ ಬಿಡಿಸ್ಬೇಡಿ" ಅಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಮಲ್ಲಮ್ಮ ನೋಡಲಿಲ್ಲ.

"ಕರ್ಕೊಂಡು ಬಾ ಮಗ. ಸಾವ್ರಾರು ಉಳಕ್ಕ ಜಾಗ ಕೊಟ್ಟಿವಿ, ನಿನ್ನ ಒಂದು ಪೆಟ್ಗೇಗ ಇಲ್ವಾ? ನೀ ನಮ್ಮನೇಲಿ ಇರಗಂಟ ಅದ್ನ ಯಾರೂ ಆಚ್ಗ ಕಳ್ಸಲ್ಲ. ಮಾದಪ್ಪನಾಣೆ" ಅಂದಳು.

ಮಾತು ಕೊಡುವುದೇನೋ ಸುಲಭವಾಯಿತು. ಜಾಗ ಹುಡುಕುವಾಗ ಮನೆ ಚಿಕ್ಕದು ಎಂದು ಗೊತ್ತಾಯಿತು. ಅಡಿಗೆಮನೆಯಲ್ಲಿ ಸೌದೆ ಹೊಗೆ, ಜಗಲಿಯಲ್ಲಿ ರಸ್ತೆಯ ಧೂಳು, ಪಡಸಾಲೆಯ ಮೇಲೆ ಹೆಂಚಿನ ಕಸ. ಸೋಮಶೇಖರ್ ಸುತ್ತಲೂ ನೋಡಿ, "ತಂಪಾಗಿರೋ ಕಡೆ ಇಡಿ ಅತ್ತೆ, ಇದಕ್ಕೆ ಶಾಖ ಆಗಲ್ಲ" ಅಂದ. ಆ ಮನೆಯಲ್ಲಿ ತಂಪಿರುವುದು ಒಂದೇ ಕಡೆ, ಹುಳದ ಮನೆಯಲ್ಲಿ. ಅದರ ಒಂದು ತುದಿಗೆ ಗೋಣಿಚೀಲದ ಪರದೆ ಕಟ್ಟಿ, ಈಚೆಗೆ ಚಪ್ಪಡಿ ಕಲ್ಲಿನ ಕಟ್ಟೆಯ ಮೇಲೆ ಕಂಪ್ಯೂಟರ್ ಕೂರಿಸಿದರು. ಮೇಲೆ ಟಿ.ವಿ.ಯಂಥ ದೊಡ್ಡ ಮಾನಿಟರು, ಪಕ್ಕದಲ್ಲಿ ನಿಂತ ಡಬ್ಬಿ. ದೊಡ್ಡಮಲ್ಲಮ್ಮ ಡಬ್ಬಿಯ ಹಣೆಗೂ ವಿಭೂತಿ ಎಳೆದಳು.

ಮೊದಮೊದಲು ಅದರ ಸದ್ದು ಜೇನುಹುಳದಷ್ಟೇ ಇತ್ತು. ತೆರಕಣಾಂಬಿಯ ಗೃಹಪ್ರವೇಶ, ಬೇಗೂರಿನ ಮದುವೆ, ಹಂಗಳದ ನಾಮಕರಣ ಎಲ್ಲದರ ಕಾರ್ಡುಗಳು ಶಿವಾನಿಯ ಬೆರಳಿನಿಂದ ಹೊರಟವು. ಬೀದಿಯವರು ಅವಳನ್ನು ಕಾರ್ಡ್ ಶಿವಾನಿ ಎನ್ನತೊಡಗಿದರು. ಅತ್ತೆಗೆ ಒಳಗೊಳಗೇ ಹೆಮ್ಮೆ.

ಸಂಕ್ರಾಂತಿ ಕಳೆದ ಮೇಲೆ ಜೇನುಹುಳ ಜೀರುಂಡೆಯಾಯಿತು. ಶಿವರಾತ್ರಿಯ ಹೊತ್ತಿಗೆ ಜೀರುಂಡೆ ಹಿಟ್ಟಿನ ಗಿರಣಿಯಾಯಿತು. ದಿನವೆಲ್ಲ ಎದುರಿಗೇ ಕೂರುವ ಶಿವಾನಿಗೆ ಅದು ಅಭ್ಯಾಸವಾಗಿ ಹೋಗಿತ್ತು. ದೊಡ್ಡಮಲ್ಲಮ್ಮ ಮಾತ್ರ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತರೆ ಗುರ್ ಎನ್ನುವುದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಮಳೆ ಎಲ್ಲೋ ದೂರದಲ್ಲಿ, ಗಿರಣಿಯ ಆಚೆ ಸುರಿಯುತ್ತಿದ್ದಂತೆ.

ಆ ಬೆಳೆಯಲ್ಲಿ ಆಗಬಾರದ್ದು ಆಯಿತು. ಕೆಳಗಿನ ಸಾಲಿನ ಹುಳ ಯಾವಾಗ ಮೇವು ಬಿಟ್ಟವೋ ಅವಳಿಗೆ ತಿಳಿಯಲಿಲ್ಲ. ಸೊಪ್ಪು ಸರಿಸಿ ನೋಡಿದರೆ ಕಡ್ಡಿ, ಹಿಕ್ಕೆ, ಒಣಗಿದೆಲೆ ಎಲ್ಲ ಸುತ್ತಿಕೊಂಡು ಗೂಡು ಕಟ್ಟಿ ಕೂತಿದ್ದವು. ಚಾಮರಾಜನಗರದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವನು ಒಂದು ಗೂಡನ್ನು ಎತ್ತಿ ಅತ್ತ ಇತ್ತ ತಿರುಗಿಸಿ, "ಏನಮ್ಮ, ನಿಮ್ಮ ಮನೆ ಗೂಡಾ ಇದು?" ಎಂದು ಕೇಳಿದ. ದೊಡ್ಡಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಮನೆಯಲ್ಲಿ, "ಬಿಸ್ಲು ಕಣ, ಈ ಸಲ ಬಿರ್ರನೆ ಅಣ್ಣಾಗ್ಬುಟ್ಟೊ" ಎಂದಷ್ಟೇ ಹೇಳಿದಳು. ಸೊಸೆಯ ಪೆಟ್ಟಿಗೆಯ ಮೇಲೆ ಮಾತು ಬರಕೂಡದು. ಆಣೆ ಇಟ್ಟಾಗಿದೆ.

ಆದರೆ ಮುಂದಿನ ಬೆಳೆಯ ಮರಿಹುಳ ಮನೆಗೆ ಬಂದಾಗ, ಈ ಸದ್ದಿಗೆ ತಾನೇ ಒಂದು ದಾರಿ ಹುಡುಕಬೇಕೆಂದು ನಿಶ್ಚಯಿಸಿದಳು. ಮೊದಲು ಡಬ್ಬಿಯ ಕೆಳಗೆ ಕಂಬಳಿ ಮಡಿಸಿಟ್ಟಳು. ಸ್ವಲ್ಪ ಮೆತ್ತಗಾಯಿತು, ಸ್ವಲ್ಪವೇ. ಆಮೇಲೊಂದು ದಿನ ಡಬ್ಬಿಯ ಬೆನ್ನಿಗೆ ಕೈ ಹಿಡಿದಳು. ಬುಸುಬುಸು ಬಿಸಿ ಗಾಳಿ. ಅವಳಿಗೆ ಎಲ್ಲ ಅರ್ಥವಾಯಿತು.

"ಪರಶಿವ, ಇದ್ಕ ಸೆಕ ತಡಿಯಕ್ಕಾಗ್ನಿಲ್ಲ ಕಣ್ಲಾ. ಏದುಸ್ರು ಬುಡ್ತಾ ಅದ" ಅಂದಳು.

ಮಗ ಸೊಪ್ಪಿನ ಹೊರೆ ಇಳಿಸುತ್ತಾ, "ಅವ್ವ, ಅದೇನು ಎಮ್ಮೆಯಾ? ಓಗಿ ಕೆರೇಗ ಬುಟ್ಟು ಬಾ" ಅಂದ.

"ನೀ ಸುಮ್ಕಿರ್ಲಾ. ಉಳಕ್ಕ ಸೆಕ ಆದ್ರ ಏನ್ ಮಾಡೀವಿ?"

ಬೇಸಿಗೆಯಲ್ಲಿ ಹುಳಕ್ಕೆ ಸೆಕೆಯಾದರೆ ಹಸಿ ಗೋಣಿಚೀಲ ಕಟ್ಟುತ್ತಾರೆ. ಅದನ್ನೇ ಅವಳು ಕಂಪ್ಯೂಟರಿಗೂ ಮಾಡಿದಳು. ಪರದೆಯ ಗೋಣಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಡಬ್ಬಿಯ ಬೆನ್ನಿಗೆ ಒಂದು ಗೇಣು ದೂರದಲ್ಲಿ ಎಳೆದು ಕಟ್ಟಿದಳು. ಶಿವಾನಿ ನೋಡಿ, ಹುಳಕ್ಕೆ ಕಟ್ಟಿದ್ದಾರೆ ಎಂದುಕೊಂಡು ಸುಮ್ಮನಾದಳು. ಅಷ್ಟರಲ್ಲಿ ಹುಳ ಜ್ವರಕ್ಕೆ ಕೂತವು. ಜ್ವರಕ್ಕೆ ಕೂತಾಗ ತಟ್ಟೆ ತೇವವಾಗಿರಬಾರದು ಎಂದು ಸುಣ್ಣದ ಪುಡಿಯನ್ನು ವಸ್ತ್ರಗಾಳಿಸಿ ಮೇಲಿಂದ ಉದುರಿಸುವುದು ವಾಡಿಕೆ. ಆ ಪುಡಿ ಎಷ್ಟು ನಯವೆಂದರೆ ಉದುರಿಸಿದ ಮೇಲೆ ಬೆಳಕಿನಲ್ಲಿ ಬಹಳ ಹೊತ್ತು ತೇಲುತ್ತಿರುತ್ತದೆ.

ಗಿರಣಿಯ ಸದ್ದು ಹೆಚ್ಚಾಯಿತು. ದೊಡ್ಡಮಲ್ಲಮ್ಮ ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದಳು. ಸದ್ದು ಇನ್ನೂ ಹೆಚ್ಚಾಯಿತು.

ನಾಲ್ಕನೆಯ ಜ್ವರದಿಂದ ಹುಳ ಎದ್ದ ದಿನ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪುಟ್ಟಮಲ್ಲಮ್ಮ ಶಿವಾನಿಯನ್ನು ಹಿಡಿದಳು.

"ಲಗ್ನಪತ್ರಿಕೆ ಎಲ್ಲಾ ಚೆಂದಾಗಿ ಮಾಡೀಯೆ ಕಣಮ್ಮಿ. ಆದ್ರ ನಿಮ್ಮತ್ತೆ ಕಿವೀನೇ ಕಿತ್ಕಂಡ್ಬುಟ್ಟಲ್ಲ ನೀನು!"

"ಯಾಕತ್ತೆ, ಏನಾಯ್ತು?"

"ಅಯ್ಯೋ, ನಿಂಗ ಗೊತ್ತಿಲ್ವಾ? ಓದ್ಸಲ ಉಳ ಸೊಪ್ಪಲ್ಲೇ ಗೂಡು ಕಟ್ಕಂಡವಲ್ಲ, ಅದು ಬಿಸ್ಲಿಗಲ್ಲ. ನಿನ್ನ ಗಿರಣಿ ಸದ್ದಲ್ಲಿ ಅಕ್ಕಂಗ ಉಳ ಮೇಯಾದೇ ಕೇಳ್ನಿಲ್ಲ. ನನ್ನ ಮುಂದ ಕಣ್ಣೀರಾಕುದ್ಲು. ನಾ ಏಳ್ದೆ ಅನ್ಬೇಡ."

ಶಿವಾನಿ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಬಂದಳು. ಅತ್ತೆ ಮಣೆಯ ಮೇಲೆ ಕೂತು, ತಲೆ ಒಂದು ಕಡೆ ವಾಲಿಸಿ, ಕಿವಿಯ ಹಿಂದೆ ಅಂಗೈ ಹಿಡಿದಿದ್ದಳು. ಹಾಗೆ ಕೈ ಹಿಡಿದದ್ದನ್ನು ಶಿವಾನಿ ಯಾವತ್ತೂ ಕಂಡಿರಲಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಜಗಲಿಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣ, ನಾಳೆ ಬಂದು ಕಂಪ್ಯೂಟರ್ ತಕ್ಕೊಂಡು ಹೋಗು. ಅಂಗಡೀಲೇ ಇರಲಿ."

ಮಾರನೆಯ ಬೆಳಿಗ್ಗೆ ಸೋಮಶೇಖರ್ ಗುಂಡ್ಲುಪೇಟೆಯಿಂದ ಬೈಕಿನಲ್ಲಿ ಬಂದ. ಹಿಂದಿನ ಸೀಟಿಗೆ ಹಗ್ಗ ಸುತ್ತಿತ್ತು. ದೊಡ್ಡಮಲ್ಲಮ್ಮ ಪೂಜೆ ಮುಗಿಸಿ ಆಗತಾನೆ ಎದ್ದಿದ್ದಳು.

"ಬಾ ಮಗ, ಕಾಪಿ ಕುಡಿ. ಅಗ್ಗ ಯಾಕಪ್ಪ ತಂದಿದಿ, ಹಸ ಕೊಂಡ್ಕಂಡ್ಯಾ?"

ಅವನು ತಂಗಿಯ ಮುಖ ನೋಡಿದ. ತಂಗಿ ನೆಲ ನೋಡಿದಳು. "ಕಂಪ್ಯೂಟರ್ ಕಳಿಸ್ತಾ ಇದೀನಿ ಅತ್ತೆ. ನೀವು ಹೇಳಿಲ್ಲ ಅಂದ್ರೂ ನಂಗೆ ಗೊತ್ತಾಯ್ತು. ಹುಳ ಮೊದಲು. ನಾನು ವಾರಕ್ಕೆ ಎರಡು ದಿನ ಗುಂಡ್ಲುಪೇಟೆಗೆ ಬಸ್ಸಲ್ಲಿ ಹೋಗಿ ಬರ್ತೀನಿ" ಅಂದಳು.

ದೊಡ್ಡಮಲ್ಲಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು. ಗೋಡೆಯಾಚೆಯಿಂದ ಪುಟ್ಟಮಲ್ಲಮ್ಮನ ತಲೆ ಮೇಲೆದ್ದಿತು.

"ಯಾವಳು ನಿಂಗ ಏಳಿದ್ದು ಅಂತ ನಂಗ ಗೊತ್ತು" ಎಂದು ಗೋಡೆಯ ಕಡೆ ಕೆಂಗಣ್ಣು ಬಿಟ್ಟಳು. ಗೋಡೆಯ ಮೇಲಿನ ತಲೆ ಕೆಳಗಿಳಿಯಿತು. "ಸೋಮಣ್ಣ, ನಾನು ಮಾದಪ್ಪನಾಣೆ ಇಟ್ಟು ಮಾತು ಕೊಟ್ಟಿವ್ನಿ. ಸದ್ದು ಓಗ್ಬೇಕು, ಅದು ಓಗ್ಬಾರ್ದು. ಆದದಾ, ಆಗಲ್ವಾ, ಅದ್ನ ಏಳು."

"ಹಳೇದಾದ್ರೆ ಸದ್ದು ಬರ್ತದೆ ಅತ್ತೆ..."

"ನಮ್ಮನೇಗ ಬಂದು ವರ್ಸ ಆಗಿಲ್ಲ, ಹಳೇದು ಎಲ್ಲಾಯ್ತು? ಬಿಚ್ಚಿ ನೋಡು."

ಸೋಮಶೇಖರ್ ಹಗ್ಗ ಬಿಟ್ಟು ಸ್ಕ್ರೂಡ್ರೈವರ್ ತೆಗೆದ. ಡಬ್ಬಿಯನ್ನು ಜಗಲಿಗೆ ತಂದು ಪಕ್ಕದ ತಗಡು ಎಳೆದ. ಎಲ್ಲರೂ ಬಗ್ಗಿದರು. ಒಳಗೆ ಕಾಣಬೇಕಾದ ಹಸಿರು ಹಲಗೆ, ಕರಿ ಫ್ಯಾನು ಯಾವುದೂ ಕಾಣಲಿಲ್ಲ. ಎಲ್ಲ ಬೆಳ್ಳಗಿತ್ತು.

"ಅತ್ತೆ, ಇದ್ರೊಳಗೆ ಸುಣ್ಣ ಹೊಡ್ಸಿದ್ದು ಯಾರು? ಗೃಹಪ್ರವೇಶ ಇತ್ತಾ?"

ಪರಶಿವ ಗೊಳ್ಳೆಂದು ನಕ್ಕ. "ಕಾರ್ಡು ಇವಳೇ ಮಾಡ್ಬೋದಿತ್ತು!"

ಸೋಮಶೇಖರ್ ಫ್ಯಾನಿನ ರೆಕ್ಕೆಯನ್ನು ಉಗುರಿನಿಂದ ಕೆರೆದು ತೋರಿಸಿದ. ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಗಾಳಿಯ ಜೊತೆ, ಬೆಳೆ ಬೆಳೆಗೂ ಹುಳಕ್ಕೆ ಉದುರಿಸಿದ ಸುಣ್ಣವೂ ಹೋಗಿದೆ. ಬರೀ ಸುಣ್ಣವಾಗಿದ್ದರೆ ಊದಿದರೆ ಹಾರುತ್ತಿತ್ತು. ಹಸಿ ಗೋಣಿಯ ತೇವ ಸೇರಿ ಅದು ಗಾರೆಯಾಗಿದೆ. ರೆಕ್ಕೆ ಒಂದು ಕಡೆ ಭಾರವಾಗಿ ಫ್ಯಾನು ಒಲೆಯುತ್ತದೆ, ಅದಕ್ಕೇ ಗುರುಗುಟ್ಟುವುದು. ಫ್ಯಾನಿನ ಕೆಳಗೆ ಶಾಖ ಹೋಗುವ ಸಂದಿಗಳೂ ಮುಚ್ಚಿವೆ. ಶಾಖ ಹೋಗದೆ ಯಂತ್ರ ಕಾಯುತ್ತದೆ, ಕಾದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ.

"ಗೋಣಿ ನೆನ್ಸಿ ಹಿಂದೆ ಕಟ್ಟಿದ್ದು ಯಾರು?" ಎಂದು ಅವನು ಕೇಳಿದ.

ದೊಡ್ಡಮಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಾನೇ. ನೀನೇ ಏಳ್ದಲ್ಲಪ್ಪ ತಂಪಲ್ಲಿ ಮಡ್ಗಿ ಅಂತ! ತಂಪು ಅಂದ್ರ ಇನ್ನೆಂಗ್ ಮಾಡದು?"

ಸೋಮಶೇಖರ್ ತಲೆ ಕೆರೆದುಕೊಂಡ. "ನಂದೂ ತಪ್ಪೈತೆ ಬುಡಿ ಅತ್ತೆ. ಹುಳದ ಮನೇಲಿ ಇಡ್ತೀರ ಅಂತ ಗೊತ್ತಿದ್ದೂ ಸುಣ್ಣದ ವಿಷ್ಯ ನಾನು ಯೋಚ್ನೆ ಮಾಡ್ಲಿಲ್ಲ."

ಶಿವಾನಿ ಅಷ್ಟು ಹೊತ್ತಿಗೆ ಮುಖದ ತುಂಬ ನಗುತ್ತಿದ್ದಳು. "ನನ್ನ ಕಂಪ್ಯೂಟರಿಗೆ ಜ್ವರ ಬಂದೈತೆ ಅಂತ ಶುಶ್ರೂಷೆ ಮಾಡಿದಾರೆ ಅಣ್ಣ, ಬೈಬೇಡ."

ಗಾರೆ ಬಿಡಿಸಲು ಸೋಮಶೇಖರ್ ತಂದ ಬ್ರಷ್ಷು ಬಿರುಸಾಯಿತು. ದೊಡ್ಡಮಲ್ಲಮ್ಮ ಒಳಗಿನಿಂದ ಒಂದು ಹಿಡಿ ಪಾರಿವಾಳದ ಗರಿ ತಂದಳು. ಮೊಟ್ಟೆಯೊಡೆದ ಮರಿಹುಳವನ್ನು ಕಾಗದದಿಂದ ಸೊಪ್ಪಿಗೆ ಇಳಿಸುವುದು ಅಂಥ ಗರಿಯಿಂದಲೇ. ಗಟ್ಟಿಯಾದದ್ದನ್ನು ಸೋಮಶೇಖರ್ ಕಡ್ಡಿಯಿಂದ ಮೀಟಿದ, ಪುಡಿಯಾದದ್ದನ್ನು ಶಿವಾನಿ ಗರಿಯಿಂದ ಗುಡಿಸಿದಳು. ಫ್ಯಾನಿನ ನಡುವಿನ ಚೀಟಿ ಎತ್ತಿ ಅಚ್ಚಿಗೆ ಎಣ್ಣೆ ಬಿಡಬೇಕಿತ್ತು. "ಹೊಲಿಗೆ ಮಿಷಿನ್ ಎಣ್ಣೆ ಯಾರ ಮನೇಲಿದೆ?" ಎಂದು ಅವನು ಕೇಳುವಷ್ಟರಲ್ಲಿ ಗೋಡೆಯ ಮೇಲಿನಿಂದ ಒಂದು ಕೈ, ಕೈಯಲ್ಲೊಂದು ಎಣ್ಣೆಬುಡ್ಡಿ ಇಳಿದು ಬಂತು.

"ತಕ್ಕೊಳಪ್ಪ. ನಾನೇನೂ ಕೇಳುಸ್ಕತಾ ಇರ್ನಿಲ್ಲ" ಎಂದಿತು ಗೋಡೆ.

ಮತ್ತೆ ಜೋಡಿಸಿ, ಒಳಗೆ ಕಟ್ಟೆಯ ಮೇಲಿಟ್ಟು ಸ್ವಿಚ್ಚು ಹಾಕಿದಾಗ ಗಿರಣಿ ಹೋಗಿತ್ತು. ಆದರೆ ದೊಡ್ಡಮಲ್ಲಮ್ಮ ತಲೆಯಾಡಿಸಿದಳು. "ಇನ್ನೂ ಗಲ್ಗಲ್ ಅಂತದ."

ಕಿವಿಗೊಟ್ಟರೆ ಹೌದು. ಡಬ್ಬಿಯ ತಗಡು ಕಲ್ಲಿನ ಮೇಲೆ ನಡುಗುತ್ತಿತ್ತು. ಕಂಬಳಿಯನ್ನು ಮತ್ತೆ ಇಡುವ ಹಾಗಿಲ್ಲ, ಕೆಳಗಿನ ತೂತು ಮುಚ್ಚುತ್ತದೆ. "ನಾಲ್ಕು ಕಾಲಿಗೂ ರಬ್ಬರ್ ತುಂಡು ಕೊಟ್ರೆ ಸಾಕು. ಹಳೇ ಹವಾಯಿ ಚಪ್ಪಲಿ ಇದ್ರೆ ಕತ್ತರಿಸೋಣ" ಎಂದ ಸೋಮಶೇಖರ್.

"ಚಪ್ಲೀನಾ! ಉಳದ ಮನೆ ಒಳಕ್ಕಾ!" ದೊಡ್ಡಮಲ್ಲಮ್ಮ ಎರಡೂ ಕಿವಿ ಮುಚ್ಚಿಕೊಂಡಳು. "ಅಲ್ಲಿ ನಾನೇ ಬರಿಗಾಲಲ್ಲಿ ಓಗ್ತೀನಿ, ಇದು ಚಪ್ಲಿ ಮೆಟ್ಕಂಡು ಕೂರ್ತದಾ?"

ಸ್ವಲ್ಪ ಹೊತ್ತು ಚರ್ಚೆಯಾಯಿತು. ಯಾರೂ ಮೆಟ್ಟದ ಚಪ್ಪಲಿ ಇನ್ನೂ ಚಪ್ಪಲಿಯಲ್ಲ, ಬರೀ ರಬ್ಬರು ಎಂದು ಶಿವಾನಿ ವಾದಿಸಿದಳು. ಅತ್ತೆ ಯೋಚಿಸಿ ಒಪ್ಪಿದಳು. ಪರಶಿವ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದ. ಅಂಗಡಿಯವನು ಅಳತೆ ಕೇಳಿದನಂತೆ. "ಯಾವ್ದಾದ್ರೂ ಕೊಡಣ್ಣ, ಕುಯ್ಯಾಕ್ಕ" ಎಂದನಂತೆ ಇವನು. "ಕಾಲ್ನಾ?" ಎಂದನಂತೆ ಅವನು. ಹೊಸ ಜೊತೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು, ನೆಲಕ್ಕೆ ತಾಗಿಸದೆ ಬೀದಿಯುದ್ದ ನಡೆದು ಬಂದ. ಪುಟ್ಟಮಲ್ಲಮ್ಮ, "ಯಾವ ಸ್ವಾಮೀಗಳ ಪಾದ್ಕೆನಪ್ಪಾ?" ಎಂದು ಕೈ ಮುಗಿದಳು.

ರಬ್ಬರಿನ ನಾಲ್ಕು ತುಂಡು ಕೊಟ್ಟ ಮೇಲೆ ಗಲಗಲವೂ ನಿಂತಿತು. ಕಂಪ್ಯೂಟರನ್ನು ಗೋಣಿಯಿಂದ ದೂರ, ಹೊರಗೋಡೆಯ ಕಿಟಕಿಯ ಪಕ್ಕಕ್ಕೆ ಸರಿಸಿದರು. ಸುಣ್ಣ ಹಾಕುವಾಗ ಆಫ್ ಮಾಡಿ ಬಟ್ಟೆ ಹೊದಿಸಬೇಕು, ಪುಡಿ ಪೂರ್ತಿ ಕೂತ ಮೇಲೆ ಬಟ್ಟೆ ತೆಗೆದೇ ಆನ್ ಮಾಡಬೇಕು ಎಂದು ಸೋಮಶೇಖರ್ ಎರಡೆರಡು ಸಲ ಹೇಳಿದ. ಹೊರಡುವಾಗ ಬೈಕಿನ ಹಗ್ಗಕ್ಕೆ ದೊಡ್ಡಮಲ್ಲಮ್ಮ ಒಂದು ಬಾಳೆಗೊನೆ ಕಟ್ಟಿಸಿದಳು. "ಬರಿಗೈಲಿ ಕಳ್ಸ್ಬಾರ್ದು ಕಣ ಮಗ."

ಆದರೂ ಶಿವಾನಿಗೆ ಧೈರ್ಯ ಬರಲಿಲ್ಲ. ಈ ಬೆಳೆಯೂ ಕೆಟ್ಟರೆ, ಅತ್ತೆ ಏನೂ ಅನ್ನದಿದ್ದರೂ, ತಾನೇ ಆ ಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ ಎಂದು ಅವಳ ಮನಸ್ಸಿಗೆ ಬಂದುಬಿಟ್ಟಿತ್ತು. ದೊಡ್ಡಮಲ್ಲಮ್ಮನಿಗೂ ಅದು ಗೊತ್ತಿತ್ತು. ಆಣೆ ಉಳಿಯುವುದು ಬಿಡುವುದು ಈಗ ಈ ಹುಳಗಳ ಬಾಯಲ್ಲಿತ್ತು. ದಿನಾ ಪೂಜೆಯಲ್ಲಿ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸಿದಳು, ಇಂಥದ್ದಕ್ಕೆ ಎಂದು ಬಾಯಿ ಬಿಟ್ಟು ಕೇಳಲಿಲ್ಲ.

ಆ ವಾರದ ಕೊನೆಯಲ್ಲಿ ಬೇಗೂರಿನ ಗುರುಮಲ್ಲಯ್ಯ ಎಂಬ ಹಿರಿಯರು ಮಗಳ ಮದುವೆಯ ಕಾರ್ಡು ತಿದ್ದಿಸಲು ಬಂದಿದ್ದರು. ಬಿಳಿ ಪಂಚೆ, ಇಸ್ತ್ರಿ ಅಂಗಿ. ಶಿವಾನಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಂಟರ ಹೆಸರುಗಳನ್ನು ಹಿಂದೆ ಮುಂದೆ ಮಾಡುತ್ತಿದ್ದಳು. ಪರದೆಯಾಚೆ ದೊಡ್ಡಮಲ್ಲಮ್ಮ ಮಧ್ಯಾಹ್ನದ ಸೊಪ್ಪು ಕೊಟ್ಟು ಮಣೆಯ ಮೇಲೆ ಕೂತಳು, ಕಣ್ಣು ಮುಚ್ಚಿದಳು.

ಮಳೆ ಕೇಳಿಸಿತು. ದೂರದ್ದಲ್ಲ, ಸುತ್ತಮುತ್ತಲಿನದು. ಮೇಲಿನ ಸಾಲು, ನಡುವಿನ ಸಾಲು, ಬಾಗಿಲ ಪಕ್ಕದ ಸಾಲು. ಕಿವಿಯ ಹಿಂದೆ ಕೈ ಹಿಡಿಯಬೇಕಾಗಲಿಲ್ಲ. ಅವಳು ಮನಸ್ಸಿನಲ್ಲೇ ಓಂ ನಮಃ ಶಿವಾಯ ಎನ್ನುತ್ತ ಒಂದೊಂದೇ ಸಾಲನ್ನು ಕಿವಿಯಿಂದ ತಡವಿದಳು. ಗೋಡೆ ಬದಿಯ ಸಾಲಿಗೆ ಬಂದಾಗ ಜಪ ನಿಂತಿತು.

ಅಲ್ಲಿ ಮಳೆ ಬಿಟ್ಟಿತ್ತು.

"ಸಿವಾನೀ!"

ಆಚೆ ಟೈಪಿನ ಸದ್ದು ತಟ್ಟನೆ ನಿಂತಿತು. "ಆಫ್ ಮಾಡ್ಲಾ ಅತ್ತೆ? ಕೇಳಿಸ್ತಿಲ್ವಾ?"

"ಕೇಳುಸ್ತು ಕಣಮ್ಮಿ! ಸದ್ದು ನಿಂತದ್ದೂ ಕೇಳುಸ್ತು! ಗ್ವಾಡೆ ಸಾಲು ಮೇವು ಬುಟ್ಬುಟ್ಟದ. ಬಾ ಇಲ್ಲಿ!"

ಹೊಸ ಸೊಪ್ಪು ಹಾಗೇ ಹಸಿಹಸಿಯಾಗಿ ಬಿದ್ದಿತ್ತು. ಅದರ ಮೇಲೆ ಹುಳಗಳು ಬೆಳ್ಳಗಿನ ಬಣ್ಣ ಬಿಟ್ಟು ಮಾಗಿದ ಬಾಳೆಹಣ್ಣಿನ ಹೊಳಪಿಗೆ ತಿರುಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಎಣಿಸಿದ ದಿನಕ್ಕಿಂತ ಮೊದಲೇ ಹಣ್ಣಾಗಿದ್ದವು. ಒಂದೂ ಕಸದಲ್ಲಿ ಸುತ್ತಿಕೊಂಡಿರಲಿಲ್ಲ. ಶಿವಾನಿ ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ಅತ್ತೆಯ ಮುಖ ನೋಡಿದಳು.

"ಪರಶಿವ, ಚಂದ್ರಿಕೆ ಇಳ್ಸ್ಲಾ! ಪುಟ್ಮಲ್ಲಮ್ಮಿ, ಗ್ವಾಡೆ ಮೇಲಿಂದ ನೋಡಿದ್ದು ಸಾಕು, ಇಳ್ದು ಬಾ!"

ಮನೆಯೆಲ್ಲ ಓಡಾಟ ಎದ್ದಿತು. ಪುಟ್ಟಮಲ್ಲಮ್ಮ ಬಾಗಿಲಿನಿಂದ ಬರುವಷ್ಟು ಕಾಯದೆ ಗೋಡೆ ಹತ್ತಿಯೇ ಬಂದಳು. ಗುರುಮಲ್ಲಯ್ಯ ಪರದೆ ಸರಿಸಿ ಇಣುಕಿ, "ತಾಯಿ, ನಮ್ಮ ಕಾರ್ಡು?" ಅಂದರು.

ದೊಡ್ಡಮಲ್ಲಮ್ಮ ಅವರ ಕೈಗೊಂದು ಬಿದಿರಿನ ತಟ್ಟೆ ಕೊಟ್ಟಳು. "ನಿಮ್ಮ ಮಗಳ ಲಗ್ನಕ್ಕ ಇನ್ನೂ ದಿಸ ಅವ ಬುದ್ಧಿ. ಇವುಗಳ ಲಗ್ನ ಈಗ್ಲೇ. ಅಣ್ಣಾದವ ಆರ್ಸಿ ಇದ್ಕಾಕಿ. ಚಪ್ಲಿ ಆಚೆ ಬುಟ್ಟಿದಿರಿ ತಾನೇ?"

ಹಿರಿಯರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಅಂಗಿಯ ತೋಳು ಮಡಿಸಿದರು. ಅವರ ಮನೆಯಲ್ಲೂ ಒಂದು ಕಾಲಕ್ಕೆ ಹುಳ ಸಾಕಿದ್ದರಂತೆ, ಬೆರಳುಗಳು ಮರೆತಿರಲಿಲ್ಲ. ಹೊತ್ತು ಇಳಿಯುವವರೆಗೆ ಐದು ಜನವೂ ಬಗ್ಗಿದ ಬೆನ್ನು ಎತ್ತದೆ ಹಣ್ಣು ಹುಳ ಆರಿಸಿ ಚಂದ್ರಿಕೆಗೆ ಬಿಟ್ಟರು. ಪುಟ್ಟಮಲ್ಲಮ್ಮ ಸೋಬಾನೆ ಹೇಳಿದಳು, ಗುರುಮಲ್ಲಯ್ಯ ಅವಳು ಮರೆತ ಸಾಲು ನೆನಪಿಸಿದರು.

ದೀಪ ಹಚ್ಚುವ ಹೊತ್ತಿಗೆ ಶಿವಾನಿ ಕೈ ತೊಳೆದು ಪರದೆಯೀಚೆಗೆ ಬಂದಾಗಲೇ ಗೊತ್ತಾದದ್ದು, ಕಂಪ್ಯೂಟರ್ ಮಧ್ಯಾಹ್ನದಿಂದಲೂ ಚಾಲೂ ಇತ್ತು. ಯಾರಿಗೂ ಅದರ ನೆನಪೇ ಆಗಿರಲಿಲ್ಲ.